ಜಯಮ್ಮನಿಗೂ ನನಗೂ ಕೊಟ್ಟ ನಿದ್ದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬದುಕಿದ್ದೇನೆ. ಗುಬ್ಬಿಯಲ್ಲಿ ನನ್ನ ಹೊಲಿಗೆ ಅಂಗಡಿ ನಡೆಯುತ್ತಿದೆ, ಎದೆಯೊಳಗಿನ ಹೊಸ ವಾಲ್ವು ತನ್ನ ಪಾಡಿಗೆ ತಾನು ಬಡಿಯುತ್ತಿದೆ. ಹಾರ್ಟ್ ಆಪರೇಷನ್‌ಗೆ ದಿನ ಗೊತ್ತಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಮಾತನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಕ್ಕೆ ಓದಿ. ಯಾಕೆಂದರೆ ಮುಂದೆ ಹೇಳುವುದರಲ್ಲಿ ಧೈರ್ಯದ ಮಾತು ಕಡಿಮೆ. ನನಗೆ ಆಗ ಧೈರ್ಯ ಇರಲಿಲ್ಲ. ಇತ್ತು ಎಂದು ಈಗ ಬರೆದರೆ ಅದು ಸುಳ್ಳು.

ನನ್ನ ಹೆಸರು ಮುಬೀನಾ. ತವರು ಕುಣಿಗಲ್, ಮದುವೆಯಾಗಿ ಬಂದದ್ದು ಗುಬ್ಬಿಗೆ. ಗಂಡ ಅಮೀರ್ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಾರೆ. ಅವರ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನ ಮೆಷಿನ್ನು. ಮಗಳು ಸಾನಿಯಾ ಆಗ ತುಮಕೂರಿನ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಮನೆಯೊಳಗೆ ನಾವು ಆಡುವುದು ಉರ್ದು. ಆದರೆ ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಬರೆಯಲು ಬರುವುದು ಕನ್ನಡವೇ. ಹಾಗಾಗಿ ಮನೆಯವರ ಮಾತನ್ನೂ ಕನ್ನಡದಲ್ಲೇ ಹೇಳುತ್ತೇನೆ.

ಕಾಯಿಲೆ ಗೊತ್ತಾದದ್ದು ಆ ಮಾಳಿಗೆಯ ಮೆಟ್ಟಿಲಿನಿಂದ. ಹತ್ತುವಾಗ ನಡುವೆ ಒಮ್ಮೆ ನಿಲ್ಲಬೇಕಾಯಿತು. ಆಮೇಲೆ ಎರಡು ಕಡೆ ನಿಲ್ಲಬೇಕಾಯಿತು. ಆಮೇಲೆ ಬಟ್ಟೆ ಕೊಡಲು ಬಂದವರನ್ನು ಕೆಳಗೇ ನಿಲ್ಲಿಸಿ, ಕಿಟಕಿಯಿಂದ ಹಗ್ಗ ಕಟ್ಟಿದ ಚೀಲ ಇಳಿಬಿಟ್ಟು ಮೇಲಕ್ಕೆ ಎಳೆದುಕೊಳ್ಳುವ ಸ್ಥಿತಿಗೆ ಬಂದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದೆ. ಊರಿನ ಡಾಕ್ಟರು ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟರು. ಕೊನೆಗೆ ಸಾನಿಯಾ ಹಟ ಹಿಡಿದು ತುಮಕೂರಿನ ಒಂದು ಹಾರ್ಟ್ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಎದೆಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಮೊದಲು ಮಾತಾಡುತ್ತಿದ್ದವರು, ಆಮೇಲೆ ಸುಮ್ಮನಾದರು. ಅವರ ಮುಖವನ್ನೇ ನೋಡುತ್ತಿದ್ದೆ. ಡಾಕ್ಟರು ಸುಮ್ಮನಾಗುವುದು ಎಷ್ಟು ಕೆಟ್ಟದ್ದು ಎಂದು ಅವತ್ತು ಗೊತ್ತಾಯಿತು.

"ಚಿಕ್ಕವರಿದ್ದಾಗ ಕೀಲೆಲ್ಲ ಊದಿ ಜ್ವರ ಬಂದಿತ್ತಾ?" ಎಂದು ಕೇಳಿದರು.

ನನಗೆ ನೆನಪಿರಲಿಲ್ಲ. ಕುಣಿಗಲ್‌ನಲ್ಲಿದ್ದ ಅಮ್ಮಿಗೆ, ಎಂದರೆ ನನ್ನ ತಾಯಿಗೆ, ಅಲ್ಲಿಂದಲೇ ಫೋನ್ ಮಾಡಿದೆವು. ಬಂದಿತ್ತು ಅಂದರು ಅಮ್ಮಿ. ಮೂರನೇ ಕ್ಲಾಸಿನಲ್ಲಿ, ಮಂಡಿ ಊದಿಕೊಂಡು, ಒಂದು ಮಳೆಗಾಲ ಪೂರ್ತಿ. ಆ ಜ್ವರ ನನ್ನ ಹೃದಯದ ಒಂದು ವಾಲ್ವನ್ನು ಅಂದಿನಿಂದ ಮೆಲ್ಲಗೆ ಮುರುಟಿಸುತ್ತಾ ಬಂದಿತ್ತಂತೆ. ಈಗ ಅದು ಸರಿಯಾಗಿ ತೆರೆಯುತ್ತಿಲ್ಲ, ಬದಲಾಯಿಸಬೇಕು, ಎದೆ ತೆರೆಯಬೇಕು. ಜೊತೆಗೆ ಬಂದಿದ್ದ ಅಮೀರ್ ಗುಬ್ಬಿಗೆ ಬರುವ ತನಕ ಬಸ್ಸಿನ ಕಿಟಕಿಯ ಸರಳನ್ನು ಹಿಡಿದುಕೊಂಡೇ ಕೂತಿದ್ದರು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ "ನಿನ್ನ ಬದಲು ನನಗೆ ಬರಬಾರದಿತ್ತಾ" ಅಂದರು. ನಾನು ಅವರ ಮೇಲೆ ರೇಗಿದೆ. ಅಳುವುದಕ್ಕೆ ಬೇಕಾದಷ್ಟು ಉಸಿರು ಇರಲಿಲ್ಲ, ರೇಗುವುದಕ್ಕೆ ಇತ್ತು.

ಎದೆ ಕೊಯ್ಯುತ್ತಾರೆ ಎನ್ನುವುದಕ್ಕಿಂತ ನನ್ನನ್ನು ಹೆದರಿಸಿದ್ದು ಪ್ರಜ್ಞೆ ತಪ್ಪಿಸುತ್ತಾರೆ ಎನ್ನುವುದು. ಕಾರಣವಿತ್ತು. ಚಿಕ್ಕಂದಿನಲ್ಲಿ ಗಂಟಲಿನ ಗೆಡ್ಡೆ ತೆಗೆಸಲು ನನಗೊಂದು ಆಪರೇಷನ್ ಆಗಿತ್ತು. ಆಗ ಇಬ್ಬರು ಕೈಕಾಲು ಅದುಮಿ ಹಿಡಿದು, ಮುಖಕ್ಕೆ ಕಪ್ಪು ರಬ್ಬರಿನ ಮಾಸ್ಕ್ ಒತ್ತಿದ್ದರು. ಆ ಗ್ಯಾಸಿನ ಸಿಹಿ ವಾಸನೆ, ಬಾಯಿ ಬಿಟ್ಟರೂ ಗಾಳಿ ಸಿಗದ ಆ ಗಳಿಗೆ. ಕಿರುಚಿದರೆ ಕಿರುಚಿದ್ದು ಮಾಸ್ಕಿನೊಳಗೇ ಉಳಿಯಿತು. ಸಾಯುವುದು ಎಂದರೆ ಇದೇ ಎಂದು ಆ ವಯಸ್ಸಿನಲ್ಲೇ ಅಂದುಕೊಂಡಿದ್ದೆ. ಮಗುವಾಗಿದ್ದಾಗ ಹೊಕ್ಕ ಭಯ, ನಲವತ್ತು ದಾಟಿದರೂ ಹಾಗೇ ಇತ್ತು.

ಆಸ್ಪತ್ರೆಗೆ ಸೇರಿದಾಗ ಪಕ್ಕದ ಮಂಚದಲ್ಲಿದ್ದವರು ಜಯಮ್ಮ. ಗುಬ್ಬಿ ತಾಲ್ಲೂಕಿನ ಕಡಬದವರು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಕೆರೆಯ ಹಿಂದೆ ಅವರ ತೆಂಗಿನ ತೋಟ. ಅವರ ಗಂಡ ನಂಜಯ್ಯನವರು ಅಮೀರ್ ಅವರನ್ನು ಕಂಡಕೂಡಲೇ ಗುರುತು ಹಿಡಿದರು. ತೋಟದ ಮೋಟಾರು ಸುಟ್ಟಾಗಲೆಲ್ಲ ಹೊತ್ತುಕೊಂಡು ಬರುತ್ತಿದ್ದದ್ದು ನಮ್ಮ ಅಂಗಡಿಗೇ.

ಜಯಮ್ಮ ನನ್ನ ಕಡೆ ತಿರುಗಿ, ಸೀರೆಯ ಬಣ್ಣ ಕೇಳುವ ಹಾಗೆ ಕೇಳಿದರು: "ನಂದು ಎರಡು ವಾಲ್ವು ಹೋಗವಂತೆ ಕಣವ್ವ. ನಿಂದು?"

"ಒಂದು" ಅಂದೆ.

"ಪುಣ್ಯ ಮಾಡಿದೀಯ ಬುಡು."

ಆಸ್ಪತ್ರೆಗೆ ಸೇರಿದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಜಯಮ್ಮನ ಮಂಚದ ಕೆಳಗೆ ಅವರ ಅಕ್ಕ ಕಳಿಸಿದ್ದ ಚಕ್ಕುಲಿಯ ಡಬ್ಬ ಇತ್ತು. ಉಪ್ಪು ತಿನ್ನಬಾರದು ಎಂದು ಇಬ್ಬರಿಗೂ ಹೇಳಿದ್ದರು. ಡಬ್ಬವನ್ನು ತೆರೆದು ಮೂಸಿ ನೋಡಿ ಮತ್ತೆ ಮುಚ್ಚಿಡುತ್ತಿದ್ದರು. ಒಮ್ಮೆ ನನಗೂ ಮೂಸಲು ಕೊಟ್ಟರು.

ಮಾರನೆಯ ದಿನ ಅರಿವಳಿಕೆ ಡಾಕ್ಟರು ಬಂದರು. ವಿನುತಾ ಎಂದು ಹೆಸರು, ಕೂದಲು ಅರ್ಧ ನರೆತಿತ್ತು. ನಮ್ಮಿಬ್ಬರ ಮಂಚದ ನಡುವೆ ಸ್ಟೂಲ್ ಹಾಕಿಕೊಂಡು ಕೂತರು. ನಾನು ಮಾಸ್ಕಿನ ಕಥೆ ಹೇಳಿದೆ. ಅವರು ಗಡಿಯಾರ ನೋಡದೆ ಪೂರ್ತಿ ಕೇಳಿದರು.

"ಆ ಕಾಲ ಹೋಯ್ತು" ಅಂದರು. "ನಿದ್ದೆ ಬರ್ಸೋದು ಈಗ ಕೈಯಿನ ಸೂಜಿಯಿಂದಲೇ. ಮುಖದ ಹತ್ರ ಆಕ್ಸಿಜನ್ ಹಿಡೀತೀವಿ, ಅಷ್ಟೆ. ನಿದ್ದೆ ಬಂದ್ಮೇಲೆ ಆಪರೇಷನ್ ಮುಗಿಯೋ ತನಕ ಅದನ್ನ ಉಳಿಸ್ಬೇಕಲ್ಲ, ಅದಕ್ಕೆ ಎರಡು ದಾರಿ ಇದೆ. ನರದ ಡ್ರಿಪ್ಪಲ್ಲಿ ಔಷಧಿ ಬಿಡ್ತಾ ಇರಬಹುದು. ಇಲ್ಲ, ಗಂಟಲಿಗೆ ಹಾಕಿರೋ ಟ್ಯೂಬಿಂದ ಗ್ಯಾಸ್ ಕೊಡಬಹುದು. ಹಾರ್ಟ್ ಪೇಷೆಂಟ್‌ಗಳಿಗೆ ಎರಡ್ರಲ್ಲಿ ಯಾವುದು ಹೆಚ್ಚು ಒಳ್ಳೇದು ಅಂತ ನಾವೊಂದು ಅಧ್ಯಯನ ಮಾಡ್ತಾ ಇದೀವಿ. ನೀವು ಒಪ್ಪಿದ್ರೆ ನಿಮ್ಮನ್ನೂ ಸೇರಿಸ್ಕೋತೀವಿ."

"ಯಾವ್ದು ಅಂತ ನಾವು ಹೇಳಬಹುದಾ?" ಎಂದು ಕೇಳಿದೆ. ನನ್ನ ಮನಸ್ಸಿನಲ್ಲಿ ಗ್ಯಾಸ್ ಬೇಡ ಎಂಬುದು ಆಗಲೇ ಕೂತಿತ್ತು.

"ಇಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸತ್ತೆ. ನಿಮಗೆ ಯಾವುದು ಬಂತು ಅಂತ ಅಧ್ಯಯನದಲ್ಲಿ ನಿಮ್ಮ ಭಾಗ ಮುಗಿಯೋವರೆಗೂ ಹೇಳಲ್ಲ. ಸೇರಲ್ಲ ಅಂದ್ರೂ ಬೇಜಾರಿಲ್ಲ. ಆಗ ನಿಮ್ಮ ಮೈಗೆ ಯಾವುದು ಸರಿ ಅಂತ ನಾನೇ ನೋಡಿ ಕೊಡ್ತೀನಿ. ಚಿಕಿತ್ಸೆಯಲ್ಲಿ ಏನೂ ಕಡಿಮೆ ಆಗಲ್ಲ."

ಅಮೀರ್ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದರು. "ಮೇಡಂ, ತಪ್ಪು ತಿಳೀಬೇಡಿ. ಯಾವ್ದು ಒಳ್ಳೇದು ಅಂತ ನಿಮಗೇ ಗೊತ್ತಿಲ್ವಾ?"

"ಗೊತ್ತಿಲ್ಲ" ಅಂದರು ಡಾಕ್ಟರು, ಮುಖ ತಪ್ಪಿಸದೆ. "ಎರಡೂ ಎಷ್ಟೋ ವರ್ಷದಿಂದ ಕೊಡ್ತಾ ಇರೋ ಔಷಧಿಗಳೇ, ಹೊಸದಲ್ಲ. ಆದ್ರೆ ಆಪರೇಷನ್ ಆದ್ಮೇಲೆ ಯಾರ ಹೃದಯ ಬೇಗ ಸುಧಾರಿಸತ್ತೆ, ಯಾರ ತಲೆ ಬೇಗ ತಿಳಿಯಾಗತ್ತೆ, ಅದು ಖಚಿತವಾಗಿ ಗೊತ್ತಿಲ್ಲ."

ಡಾಕ್ಟರು ಯೋಚನೆ ಮಾಡಿ ಹೇಳಿ ಎಂದು ಹೋದ ಮೇಲೆ ಅಮೀರ್ ಸಿಡಿದರು. "ಬೇಡ. ಮೋಟಾರಿಗೆ ಈ ಕಂಪನಿ ವೈರ್ ಹಾಕ್ತೀನಿ, ಸುಟ್ಟೋದ್ರೆ ಆ ಕಂಪನಿದು ಹಾಕ್ತೀನಿ. ನಿನ್ನನ್ನ ಸುಟ್ಟು ನೋಡೋಕೆ ಆಗಲ್ಲ." ಕುಣಿಗಲ್‌ನಿಂದ ಬಂದಿದ್ದ ಅಮ್ಮಿ ತಸ್ಬಿಯ ಜಪಮಣಿ ಎಣಿಸುತ್ತಾ, "ಆಪರೇಷನ್ನೇ ಬೇಡ ಅಂದೆ, ಯಾರು ಕೇಳಿದ್ರಿ" ಅಂದರು. ಸಾನಿಯಾ ಫೋನಿನಲ್ಲಿ ಏನೇನೋ ಹುಡುಕಿ ಓದಿ, ಕೊನೆಗೆ ಫೋನನ್ನು ಬ್ಯಾಗಿನೊಳಗೆ ಹಾಕಿ, "ನಂಗೇನೂ ಅರ್ಥ ಆಗ್ತಿಲ್ಲ ಅಮ್ಮಿ" ಎಂದು ನನ್ನ ಕೈ ಹಿಡಿದು ಅತ್ತಳು.

ಪಕ್ಕದಲ್ಲಿ ಜಯಮ್ಮನಿಗೂ ಮನಸ್ಸಿರಲಿಲ್ಲ. "ಯಾಕ್ ಬೇಕು ನಮಗೆ?" ಎಂದು ಗಂಡನನ್ನು ಕೇಳುತ್ತಿದ್ದರು.

ನಂಜಯ್ಯನವರು ಹೇಳಿದರು: "ಆಯಮ್ಮ ಸುಳ್ ಹೇಳಿದ್ರೆ ಬ್ಯಾಡ ಅಂತಿದ್ದೆ. ಗೊತ್ತಿಲ್ಲ ಅಂತ ಬಾಯ್ಬುಟ್ಟು ಹೇಳುದ್ಲಲ್ಲ. ಸಹಿ ಹಾಕು, ನಾಳೆ ನಾಕು ಜನಕ್ಕೆ ಒಳ್ಳೇದಾಯ್ತದೆ."

ಜಯಮ್ಮ ಪೆನ್ನು ಹಿಡಿದು ಒಪ್ಪಿಗೆಯ ಹಾಳೆಯ ಮೇಲೆ ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದರು. ಅದನ್ನು ನೋಡಿ ನಾನೂ ಹಾಕಿದೆ. ದೊಡ್ಡ ಮನಸ್ಸಿನಿಂದ ಹಾಕಿದೆ ಅನ್ನಲಾರೆ. ಒಬ್ಬಳೇ ಹೆದರಿಕೊಂಡು ಸುಸ್ತಾಗಿತ್ತು, ಇನ್ನೊಬ್ಬರು ಇಳಿದ ನೀರಿಗೆ ಇಳಿಯುವುದು ಸುಲಭ ಅನ್ನಿಸಿತು. ಅಮೀರ್ ಅವತ್ತು ಮಧ್ಯಾಹ್ನದ ಊಟ ಮುಟ್ಟಲಿಲ್ಲ.

ನನ್ನ ಆಪರೇಷನ್ ಮೊದಲು. ತಳ್ಳುಗಾಡಿಯ ಮೇಲೆ ಮಲಗಿಸಿ ಕರೆದುಕೊಂಡು ಹೋಗುವಾಗ ಅಮ್ಮಿ ದುವಾ ಓದಿ ನನ್ನ ಹಣೆಯ ಮೇಲೆ ಊದಿದರು. ಒಳಗೆ ವಿಪರೀತ ಚಳಿ. ಮುಖದ ಹತ್ತಿರ ಆಕ್ಸಿಜನ್ ಮಾಸ್ಕ್ ಬಂದಾಗ ನನ್ನ ಕೈ ತಾನಾಗೇ ಎದ್ದು ಅದನ್ನು ದೂಡಿತು. ಡಾಕ್ಟರ್ ವಿನುತಾ ಯಾರಿಗೂ ಅದುಮಿ ಹಿಡಿಯಲು ಹೇಳಲಿಲ್ಲ. "ನೀವೇ ಹಿಡ್ಕೊಳ್ಳಿ. ಸಾಕು ಅನ್ಸಿದ್ರೆ ತೆಗೀರಿ" ಎಂದು ಮಾಸ್ಕನ್ನು ನನ್ನ ಕೈಗೇ ಕೊಟ್ಟರು. ನಾನೇ ಹಿಡಿದುಕೊಂಡೆ. ಬಣ್ಣವಿಲ್ಲದ, ವಾಸನೆಯಿಲ್ಲದ ಗಾಳಿ. ಕೈಯಿನ ನರದಲ್ಲಿ ಏನೋ ಸಣ್ಣಗೆ ಉರಿಯಿತು.

ಅಷ್ಟೇ. ಮುಂದಿನದು ಇಲ್ಲ.

ಎಚ್ಚರವಾದದ್ದೇ ಘೋರ. ಆಪರೇಷನ್ ಮಾಡಿಸಿಕೊಂಡವರು ಯಾರೂ ಇದನ್ನು ನನಗೆ ಮೊದಲೇ ಹೇಳಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಗಂಟಲಲ್ಲಿ ಟ್ಯೂಬ್ ಇತ್ತು, ಕೈಗಳನ್ನು ಮಂಚಕ್ಕೆ ಮೆತ್ತಗೆ ಕಟ್ಟಿದ್ದರು. ಮಾತಾಡಲು ಆಗದು, ಅಲ್ಲಾಡಲು ಆಗದು. ಯಂತ್ರ ತನ್ನ ಲೆಕ್ಕಕ್ಕೆ ಉಸಿರು ತುಂಬುತ್ತಿತ್ತು, ನನ್ನ ಲೆಕ್ಕ ಬೇರೆ. ಯಾರೋ "ಆಪರೇಷನ್ ಆಯ್ತು ಮುಬೀನಾ, ಚೆನ್ನಾಗಾಯ್ತು" ಎಂದು ಕಿವಿಯ ಹತ್ತಿರ ಕೂಗಿದರು. ನನಗೆ ಅದು ಸುಳ್ಳು ಅನ್ನಿಸಿತು. ನನ್ನನ್ನು ಹೂಳುವ ಮೊದಲು ಸಮಾಧಾನ ಮಾಡುತ್ತಿದ್ದಾರೆ ಅನ್ನಿಸಿತು.

ಟ್ಯೂಬ್ ತೆಗೆದ ಮೇಲೆ ಇನ್ನೂ ಕೆಟ್ಟದ್ದು ಶುರುವಾಯಿತು. ತಲೆ ಕೆಟ್ಟಿತು. ಬೇರೆ ಮಾತು ನನಗೆ ಗೊತ್ತಿಲ್ಲ. ಹೊದಿಕೆಯ ತುಂಬ ಇರುವೆ ಹರಿಯುತ್ತಿದ್ದವು. ನರ್ಸಮ್ಮ ಅವನ್ನು ಮುಷ್ಟಿಯಲ್ಲಿ ತಂದು ಸುರಿಯುತ್ತಿದ್ದಾಳೆ ಎಂದು ನಾನು ಬೈಯುತ್ತಿದ್ದೆ. ಐಸಿಯು ಅಲ್ಲ ಅದು, ಕುಣಿಗಲ್‌ನ ನಮ್ಮ ಹಳೆಯ ಮನೆ. ಕೆರೆ ಒಡೆದು ಬಾಗಿಲ ಕೆಳಗಿನಿಂದ ನೀರು ಬರುತ್ತಿತ್ತು. ನೋಡಲು ಬಂದ ಸಾನಿಯಾಳನ್ನು "ಯಾರೇ ನೀನು, ನನ್ನ ಮಗಳ ಬಟ್ಟೆ ಹಾಕ್ಕೊಂಡು ಬಂದಿದೀಯ" ಎಂದು ಕೇಳಿದೆನಂತೆ. ಕೈಗೆ ಚುಚ್ಚಿದ್ದ ಸೂಜಿ ಕಿತ್ತು ಹಾಕಿದೆನಂತೆ. ಸಾನಿಯಾ ಹೊರಗೆ ಹೋಗಿ ಬೆಂಚಿನ ಮೇಲೆ ಮುದುರಿ ಕೂತಳಂತೆ. ಅಮೀರ್, ಮದುವೆಯಾದ ಇಪ್ಪತ್ತು ವರ್ಷದಲ್ಲಿ ಹೊರಗಿನವರ ಮೇಲೆ ಒಮ್ಮೆಯೂ ದನಿ ಎತ್ತದ ಮನುಷ್ಯ, ಡಾಕ್ಟರ್ ವಿನುತಾರ ದಾರಿಗೆ ಅಡ್ಡ ನಿಂತು ಕೂಗಾಡಿದರಂತೆ: "ಯಾವ ಔಷಧಿ ಕೊಟ್ರಿ ಅವ್ಳಿಗೆ? ಹಾರ್ಟ್ ಸರಿ ಮಾಡ್ತೀನಿ ಅಂತ ತಲೆ ಹಾಳ್ ಮಾಡಿದ್ರಲ್ಲ!"

"ಹಾರ್ಟ್ ಆಪರೇಷನ್ ಆದ ಎಷ್ಟೋ ಜನಕ್ಕೆ ಹೀಗಾಗತ್ತೆ. ಯಾವ ಔಷಧಿ ಕೊಟ್ರೂ ಆಗತ್ತೆ. ಇಳಿಯತ್ತೆ, ಸ್ವಲ್ಪ ತಡ್ಕೊಳ್ಳಿ" ಎಂದರಂತೆ ಅವರು.

ಇಳಿಯಿತು. ಆದರೆ ಪೂರ್ತಿ ಇಳಿಯುವ ಮೊದಲು ಅಧ್ಯಯನದ ಕಡೆಯಿಂದ ಒಬ್ಬ ಹುಡುಗಿ ನನ್ನ ನೆನಪು ಪರೀಕ್ಷೆ ಮಾಡಲು ಬಂದಳು. ಹೂವು, ಬಾಗಿಲು, ನೇಗಿಲು, ರೇಷ್ಮೆ, ಮುಖ. ಐದು ಪದ ಹೇಳಿ, ಬೇರೆ ಏನೋ ಮಾತಾಡಿಸಿ, ಮತ್ತೆ ಕೇಳಿದಳು. ಆಪರೇಷನ್‌ಗೆ ಮೊದಲು ಇಂಥದ್ದನ್ನು ಪಟಪಟನೆ ಹೇಳಿದ್ದೆ. ಈಗ ಹೂವು ಅಂದೆ. ಆಮೇಲೆ ಏನೂ ಇಲ್ಲ. ಬಾಯಿ ತೆರೆದೇ ಇತ್ತು. ನೂರರಿಂದ ಏಳು ಕಳೆಯಲು ಹೇಳಿದಳು. ದಿನಕ್ಕೆ ಹತ್ತು ಸಲ ಟೇಪು ಹಿಡಿದು ಇಂಚು ಕಾಲಿಂಚು ಲೆಕ್ಕ ಹಾಕುವವಳು ನಾನು. ಬರಲಿಲ್ಲ. ಹುಡುಗಿ "ಪರವಾಗಿಲ್ಲ ಆಂಟಿ" ಅಂದಳು. ಪರವಾಗಿಲ್ಲ ಎನ್ನುವ ಆ ಮಾತಿಗೆ ನನಗೆ ಬಂದ ದುಃಖ ಎದೆಯ ಹೊಲಿಗೆಗಿಂತ ಹೆಚ್ಚು ನೋಯಿಸಿತು. ಹೃದಯ ಕೊಟ್ಟು ಬುದ್ಧಿ ಕಿತ್ತುಕೊಂಡೆಯಲ್ಲ ಯಾ ಅಲ್ಲಾ, ಇದಕ್ಕಿಂತ ಆ ಮಾಳಿಗೆಯ ಮೆಟ್ಟಿಲಲ್ಲೇ ಜೀವ ಹೋಗಿದ್ದರೆ ಚೆನ್ನಾಗಿತ್ತು ಎಂದು ಬೇಡಿಕೊಂಡೆ. ನಿಜವಾಗಿಯೂ ಬೇಡಿಕೊಂಡೆ.

ನನ್ನನ್ನು ಮತ್ತೆ ವಾರ್ಡಿಗೆ ತಂದಾಗ ಜಯಮ್ಮ ಅಲ್ಲೇ ಇದ್ದರು. ಅವರ ಆಪರೇಷನ್ ಮಾರನೆಯ ದಿನಕ್ಕೆ ಇತ್ತು. ನನ್ನ ಕೂದಲು ಐಸಿಯುನಲ್ಲಿ ಗಂಟುಗಂಟಾಗಿ ಹೋಗಿತ್ತು, ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕೈ ಮೇಲೆತ್ತುವ ಹಾಗಿರಲಿಲ್ಲ. ಸಾನಿಯಾ ಬಾಚಲು ಹೋದರೆ ನಾನು ಕಿರುಚುತ್ತಿದ್ದೆ. ಜಯಮ್ಮ ಎದ್ದು ಬಂದರು. ನಾಲ್ಕು ಹೆಜ್ಜೆಗೇ ಅವರಿಗೆ ಉಸಿರು ಬಿಗಿಯುತ್ತಿತ್ತು. ನನ್ನ ಮಂಚದ ಅಂಚಿನಲ್ಲಿ ಕೂತು, ಸುಧಾರಿಸಿಕೊಂಡು, ಒಂದೊಂದೇ ಗಂಟನ್ನು ಬೆರಳಿನಿಂದ ಬಿಡಿಸಿ, ಎರಡು ಜಡೆ ಹಾಕಿದರು.

"ನಂಗೆ ಲೆಕ್ಕ ಬರ್ತಿಲ್ಲ ಜಯಕ್ಕ" ಎಂದು ಅತ್ತೆ. ಟ್ಯೂಬ್ ಹಾಕಿದ್ದರಿಂದ ದನಿ ಗೊಗ್ಗರಾಗಿತ್ತು.

"ನಂಗೆ ಮೊದ್ಲಿಂದ್ಲೂ ಬರಾಕಿಲ್ಲ" ಅಂದರು. "ನಾನು ಬದುಕಿಲ್ವಾ?"

ಮಾರನೆಯ ದಿನ ಬೆಳಗ್ಗೆ ಅವರನ್ನು ಕರೆದುಕೊಂಡು ಹೋದರು. ಹೋಗುವಾಗ ಚಕ್ಕುಲಿ ಡಬ್ಬ ಕಾಯ್ತಿರು, ಇವರು ತಿಂದುಬುಟ್ಟಾರು ಎಂದು ಗಂಡನ ಕಡೆ ತೋರಿಸಿ ನಕ್ಕರು.

ಮಧ್ಯಾಹ್ನಕ್ಕೆ ಬರಬೇಕಾದ ಸುದ್ದಿ ಬರಲಿಲ್ಲ. ಸಂಜೆಗೆ, ಆಪರೇಷನ್ ಮುಗಿದಿದೆ, ಆದರೆ ಹೃದಯ ತಾನಾಗಿ ಬಡಿತ ಎತ್ತಿಕೊಳ್ಳುತ್ತಿಲ್ಲ, ಯಂತ್ರದ ಆಸರೆಯಲ್ಲಿಟ್ಟಿದ್ದಾರೆ ಎಂದು ಗೊತ್ತಾಯಿತು. ಮರುದಿನವೂ ಅದೇ ಮಾತು. ಅದರ ಮರುದಿನ ಅಮೀರ್ ನನ್ನ ಹತ್ತಿರ ಬಂದು ಏನೇನೋ ಅಂಗಡಿಯ ವಿಷಯ ಮಾತಾಡತೊಡಗಿದರು. ಜಯಮ್ಮನ ಬಗ್ಗೆ ನಾನು ಕೇಳಿದ್ದಕ್ಕೆಲ್ಲ "ಹೂಂ, ಇದ್ದಾರೆ" ಎನ್ನುತ್ತಿದ್ದರು. ಆಯಾ ಬಂದು ಪಕ್ಕದ ಮಂಚದ ಹಾಸಿಗೆ ತೆಗೆದು ಹೊಸ ಬೆಡ್‌ಶೀಟ್ ಹಾಸಿದಳು. ನಾನು ಸಾನಿಯಾಳ ಮುಖ ನೋಡಿದೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಜಯಮ್ಮನಿಗೆ ಎಚ್ಚರವೇ ಆಗಲಿಲ್ಲ.

ಕಾರಿಡಾರಿನಿಂದ ನಂಜಯ್ಯನವರ ದನಿ ಕೇಳಿಸುತ್ತಿತ್ತು. ಅವರು ಅಳುತ್ತಿರಲಿಲ್ಲ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಬ್ಯಾಡ ಅಂದ್ಲು. ನಾನೇ ಸಹಿ ಹಾಕಿಸ್ದೆ. ಬ್ಯಾಡ ಅಂದ್ಲು ಅವ್ಳು." ಅಮೀರ್ ಓಡಿ ಹೋಗಿ ಅವರ ಭುಜ ಹಿಡಿದುಕೊಂಡರು. ನಾನು ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಮಲಗಿಕೊಂಡು ಒಂದೇ ಯೋಚನೆ: ಅವರಿಗೆ ಯಾವುದು ಬಂತು, ನನಗೆ ಯಾವುದು ಬಂತು? ಇಬ್ಬರೂ ಒಂದೇ ದಿನ ಸಹಿ ಹಾಕಿದೆವು. ಕಂಪ್ಯೂಟರ್ ನನಗೆ ಒಳ್ಳೆಯದನ್ನು ಕೊಟ್ಟು ಅವರಿಗೆ ಕೆಟ್ಟದ್ದನ್ನು ಕೊಟ್ಟಿತಾ? ಹಾಗಿದ್ದರೆ ನಾನು ಉಸಿರಾಡುತ್ತಿರುವುದು ಯಾರ ಪಾಲಿನ ಉಸಿರು? ಹೀಗೆ ಯೋಚಿಸುವುದು ಸರಿಯಲ್ಲ ಎಂದು ಈಗ ಹೇಳಬಲ್ಲೆ. ಆಗ ಯಾರು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ಮನೆಗೆ ಬಂದ ಮೇಲೂ ಬಹಳ ತಿಂಗಳು ಕತ್ತಲೆಯೇ. ವಾಲ್ವಿನ ಸದ್ದು ಹಗಲೂ ಕಿವಿಯಲ್ಲಿರುತ್ತಿತ್ತು. ರಕ್ತ ತೆಳುವಾಗಿಸುವ ಮಾತ್ರೆ, ಅದರ ಪರೀಕ್ಷೆಗೆ ಮತ್ತೆ ಮತ್ತೆ ಸೂಜಿ, ಆ ಸೊಪ್ಪು ಹೆಚ್ಚು ತಿನ್ನಬೇಡ, ಈ ಸೊಪ್ಪು ಹೆಚ್ಚು ತಿನ್ನಬೇಡ. ಇವೆಲ್ಲ ಅಭ್ಯಾಸವಾದವು. ಅಭ್ಯಾಸವಾಗದ್ದು ನನ್ನದೇ ತಲೆ. ಪಕ್ಕದ ಮನೆಯ ಹುಡುಗಿಯ ಮದುವೆಯ ಬ್ಲೌಸ್ ಪೀಸನ್ನು ಕತ್ತರಿಸಿದೆ. ಎರಡೂ ತೋಳನ್ನು ಬಲಗೈಗೇ ಬರುವ ಹಾಗೆ ಕತ್ತರಿಸಿದ್ದೆ. ಹೊಲಿಗೆ ಕಲಿತ ಮೊದಲ ವಾರದಲ್ಲೂ ನಾನು ಮಾಡದ ತಪ್ಪು. ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟೆ. ಅಮೀರ್ ಮೇಲೆ ಬಂದರು. ಪಕ್ಕದಲ್ಲಿ ಕೂತು, ಉಳಿದ ಬಟ್ಟೆಯನ್ನು ನೀವಿ, "ಇದರಲ್ಲಿ ಜೋಡಿಸೋಕೆ ಆಗತ್ತಾ ನೋಡು" ಅಂದರು. ಕಂಕುಳಲ್ಲಿ ತೇಪೆ ಕೊಟ್ಟು, ಜರಿ ಅಂಚಿನಿಂದ ಮುಚ್ಚಿದೆ. ಆ ಹುಡುಗಿಗೆ ಗೊತ್ತೇ ಆಗಲಿಲ್ಲ. ಅವತ್ತಿನಿಂದ ಪ್ರತಿ ಅಳತೆಯನ್ನೂ ಬಾಯಿಬಿಟ್ಟು ಹೇಳಿಕೊಂಡು ಹಾಕುತ್ತೇನೆ. ಲೆಕ್ಕ ಮೆಲ್ಲಗೆ ವಾಪಸು ಬಂತು. ಪೂರ್ತಿ ಬಂತೋ ಇಲ್ಲವೋ ನನಗೇ ಗೊತ್ತಿಲ್ಲ.

ಹೀಗಿರುವಾಗ ಒಂದು ದಿನ ನಂಜಯ್ಯನವರು ಅಂಗಡಿಗೆ ಬಂದರು. ಸುಟ್ಟ ಮೋಟಾರು ತಂದಿರಲಿಲ್ಲ, ಬರಿಗೈಯಲ್ಲಿ ಬಂದಿದ್ದರು. ಕೆನ್ನೆ ಒಳಕ್ಕೆ ಹೋಗಿತ್ತು. ನಾನು ಕೆಳಗಿಳಿದು ಬಂದು ಟೀ ಕೊಟ್ಟೆ. ಲೋಟವನ್ನು ಕುಡಿಯದೇ ಹಿಡಿದುಕೊಂಡಿದ್ದರು.

"ತಾಯಿ, ನಿಂಗೆ ಯಾವ್ದು ಕೊಟ್ಟಿದ್ರು ಅಂತ ಹೇಳುದ್ರಾ?" ಎಂದು ಕೇಳಿದರು.

"ಇಲ್ಲ ಅಣ್ಣ. ಕೊನೇ ಪರೀಕ್ಷೆ ಆದ್ಮೇಲೆ ಕೇಳಬಹುದು ಅಂದಿದಾರೆ. ನಿಮಗೆ ಜಯಕ್ಕಂದು ಹೇಳಿರ್ಬೇಕಲ್ಲ?"

"ಡಾಕ್ಟ್ರಮ್ಮ ಅವತ್ತೇ ಹೇಳಾಕ್ ಬಂದ್ಲು. ನಾನೇ ಕೇಳಿಸ್ಕಳ್ನಿಲ್ಲ, ಎದ್ದು ಬಂದ್ಬುಟ್ಟೆ. ಈಗ ತಿಳ್ಕೋಬೇಕು ಅನ್ನಿಸ್ತಾ ಅದೆ. ಒಬ್ನೇ ಹೋಗಾಕೆ ಆಯ್ತಾ ಇಲ್ಲ. ಆಸ್ಪತ್ರೆ ಮೆಟ್ಲು ಹತ್ತಾಕೆ ಆಯ್ತಾ ಇಲ್ಲ ಕಣವ್ವ."

ನನ್ನ ಕೊನೆಯ ಪರೀಕ್ಷೆಯ ದಿನ ಮೂವರೂ ಹೋದೆವು. ಅಮೀರ್ ಹೊರಗೆ ಕೂತರು. ಮತ್ತೆ ಐದು ಪದ. ನಾಲ್ಕು ಹೇಳಿದೆ. ಏಳು ಏಳಾಗಿ ಕಳೆದೆ, ಒಂದು ಕಡೆ ತಪ್ಪಿ ಮತ್ತೆ ಸರಿ ಮಾಡಿಕೊಂಡೆ. ಪರೀಕ್ಷೆ ಮುಗಿದ ಮೇಲೆ ನಂಜಯ್ಯನವರನ್ನು ಕರೆದುಕೊಂಡು ಡಾಕ್ಟರ್ ವಿನುತಾರ ಕೋಣೆಗೆ ಹೋದೆ. ಅವರು ನಂಜಯ್ಯನವರನ್ನು ಕಂಡು ಎದ್ದು ನಿಂತರು.

ನಾನು ಕೇಳಿದೆ, ಇಬ್ಬರದ್ದೂ ಹೇಳಿ ಎಂದು. ಅವರು ಕಂಪ್ಯೂಟರಿನಲ್ಲಿ ನನ್ನದನ್ನು ನೋಡಿದರು. ಜಯಮ್ಮನದನ್ನು ನೋಡಬೇಕಾಗಿರಲಿಲ್ಲ.

"ಇಬ್ಬರಿಗೂ ಗ್ಯಾಸೇ" ಅಂದರು. "ಒಂದೇ ಔಷಧಿ. ಎರಡೂ ಸಲ ನಾನೇ ಕೊಟ್ಟಿದ್ದು."

ಚಿಕ್ಕಂದಿನಿಂದ ನಾನು ಹೆದರಿದ್ದ ಗ್ಯಾಸ್. ಅದನ್ನೇ ಉಸಿರಾಡುತ್ತಾ ಗಂಟೆಗಟ್ಟಲೆ ಮಲಗಿದ್ದೆ. ನನಗೆ ಏನು ಅನ್ನಿಸಬೇಕೋ ತಿಳಿಯಲಿಲ್ಲ. ನಂಜಯ್ಯನವರು ಮೇಜಿನ ಅಂಚು ಹಿಡಿದುಕೊಂಡರು.

"ಇನ್ನೊಂದು ಕೊಟ್ಟಿದ್ರೆ ಉಳೀತಿದ್ಲಾ?"

ಡಾಕ್ಟರು ಮೇಜು ಬಳಸಿಕೊಂಡು ಅವರ ಹತ್ತಿರ ಬಂದರು. "ಎರಡು ವಾಲ್ವು ಕೆಟ್ಟು ಅವರ ಹೃದಯ ಮೊದಲೇ ಬಹಳ ದಣಿದಿತ್ತು. ಔಷಧಿಯಿಂದ ಹೋದ್ರು ಅಂತ ನನಗೆ ಅನ್ಸಲ್ಲ. ಆದ್ರೆ ನಿಮ್ಮೆದುರು ಪ್ರಮಾಣ ಮಾಡಿ ಹೇಳೋಕಾಗಲ್ಲ. ಅಷ್ಟು ಗೊತ್ತಿದ್ದಿದ್ರೆ ಈ ಅಧ್ಯಯನ ಯಾಕೆ ಬೇಕಿತ್ತು?" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಸಹಿ ಹಾಕದೇ ಇದ್ದಿದ್ರೂ ನಾನು ಅವರಿಗೆ ಅದನ್ನೇ ಕೊಡ್ತಿದ್ದೆ. ಇದು ಮಾತ್ರ ನನಗೆ ಗೊತ್ತು" ಅಂದರು.

ನಂಜಯ್ಯನವರು ತಲೆಯಾಡಿಸಿದರು. ಕೈ ಮುಗಿದು ಹೊರಗೆ ಬಂದರು.

ಆಸ್ಪತ್ರೆಯ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆವು. ಅಮೀರ್ ಆಟೋ ಹುಡುಕಲು ರಸ್ತೆಯ ಆ ಕಡೆಗೆ ಹೋದರು. ನಂಜಯ್ಯನವರು ಹೆಗಲ ಮೇಲಿನ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡು, ನನ್ನ ಕಡೆ ನೋಡದೆ ಕೇಳಿದರು.

"ನಿಂಗೂ ಅದೇ, ಅವ್ಳಿಗೂ ಅದೇ. ಅಂದ್ರೆ ನಿಂಗೆ ಒಳಗೆ ಹೆಂಗಿತ್ತೋ ಅವ್ಳಿಗೂ ಹಂಗೇ ಇದ್ದಿರ್ತದೆ, ಅಲ್ವಾ ತಾಯಿ?"

"ಹೌದಣ್ಣ."

"ಎದೆ ಕೊಯ್ವಾಗ ಏನಾರ ಗೊತ್ತಾಯ್ತಾ? ನನ್ ಸಮಾಧಾನಕ್ಕೆ ಸುಳ್ ಹೇಳ್ಬ್ಯಾಡ."

ಟ್ಯೂಬು, ಕಟ್ಟಿದ ಕೈ, ಇರುವೆಗಳು, ಒಡೆದ ಕೆರೆ, ಎಲ್ಲ ನನ್ನ ಕಣ್ಣ ಮುಂದೆ ಬಂದವು. ಆದರೆ ಅವೆಲ್ಲ ಎಚ್ಚರವಾದ ಮೇಲಿನವು. ಜಯಮ್ಮ ಅಲ್ಲಿಯವರೆಗೆ ಬರಲೇ ಇಲ್ಲ. ನಂಜಯ್ಯನವರು ಕೇಳುತ್ತಿದ್ದದ್ದು ಅದಕ್ಕೆ ಹಿಂದಿನದು. ಅದರ ಬಗ್ಗೆ ನಾನು ಸುಳ್ಳು ಹೇಳಬೇಕಾಗಿರಲಿಲ್ಲ.

"ಏನೂ ಗೊತ್ತಾಗ್ಲಿಲ್ಲ ಅಣ್ಣ."

"ನೋವು?"

"ಇಲ್ಲ."

"ಹೆದ್ರಿಕೆ?"

"ಇಲ್ಲ. ಹೆದರಿಕೊಳ್ಳೋಕೆ ನಾನೇ ಅಲ್ಲಿರ್ಲಿಲ್ಲ."

"ಯಾರ್ನಾರ ಕೂಗ್ಬೇಕು ಅನ್ನಿಸ್ತಾ? ಮನೇವ್ರ್ನ?"

"ಇಲ್ಲ ಅಣ್ಣ. ಕತ್ತಲೆ ಅಂತಾನೂ ಇರ್ಲಿಲ್ಲ. ಕೈಯಲ್ಲಿ ಸ್ವಲ್ಪ ಉರೀತು. ಅಷ್ಟೇ."

ನಂಜಯ್ಯನವರು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು. ಹೆಂಡತಿ ಹೋದ ದಿನ ಅಳದಿದ್ದ ಮನುಷ್ಯ ಆ ಬೆಂಚಿನ ಮೇಲೆ ದೊಡ್ಡ ದನಿಯಲ್ಲಿ ಅಳತೊಡಗಿದರು. ನಾನೂ ಅತ್ತೆ. ಆಸ್ಪತ್ರೆಯಿಂದ ಹೊರಗೆ ಬರುತ್ತಿದ್ದವರು, ಒಳಗೆ ಈಗಷ್ಟೇ ಯಾರೋ ತೀರಿಕೊಂಡಿರಬೇಕು ಅಂದುಕೊಂಡು, ದನಿ ತಗ್ಗಿಸಿ, ನಮ್ಮನ್ನು ಬಳಸಿಕೊಂಡು ನಡೆದು ಹೋದರು.